ಇಂಧನಮಾಪಕದ ಪ್ರಾಮಾಣ್ಯವಿಚಾರ

ಪಂಡಿತರೂ ಸಾಹಿತ್ಯೋಪಾಧ್ಯಾಯರೂ ಓದುವ ಈ ಪತ್ರಿಕೆಯಲ್ಲಿ ಮೋಟಾರು ಗಾಡಿಯ ಪೆಟ್ರೋಲು ಮುಳ್ಳಿನ ವಿಷಯವನ್ನು ಎತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಪ್ರಮಾಣವೆಂದರೇನು, ಅದನ್ನು ಯಾವಾಗ ನಂಬತಕ್ಕದ್ದು, ಯಾವಾಗ ಪರೀಕ್ಷಿಸತಕ್ಕದ್ದು ಎಂಬ ವಿಚಾರದಲ್ಲಿ ನಮ್ಮ ಶಾಸ್ತ್ರಕಾರರು ಪಟ್ಟ ಶ್ರಮ ಅಲ್ಪವಾದುದಲ್ಲ. ಆ ಶ್ರಮದ ಫಲವು ಗ್ಯಾರೇಜಿನಲ್ಲಿಯೂ ಉಪಯೋಗಕ್ಕೆ ಬರುವುದೆಂದು ನನಗೆ ತಿಳಿದುದು ಗ್ರಂಥಗಳಿಂದಲ್ಲ, ಮಳೆಗಾಲದ ಒಂದು ರಾತ್ರಿ ಪಟ್ಟ ಪಾಡಿನಿಂದ. ಆದಕಾರಣ ಮೊದಲು ಆ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿ, ಬಳಿಕ ಅದರ ಕಾರಣವನ್ನೂ ಪರಿಹಾರವನ್ನೂ ವಿಚಾರಿಸುತ್ತೇನೆ.

೧. ಪ್ರಸಂಗ

ನಮ್ಮ ಸೀಮೆಯ ಮಳೆಯ ಶೀತವು ಪುಸ್ತಕವನ್ನೂ ಬಿಡದು, ಯಂತ್ರವನ್ನೂ ಬಿಡದು. ನಮ್ಮ ಮನೆಯ ಹಳೆಯ ಕಾರಿನಲ್ಲಿ ಚಾಲಕನೆದುರಿಗಿರುವ ಅಳತೆಯ ಫಲಕ, ಎಂದರೆ ಕೆಲಸಗಾರರು ‘ಮೀಟರ್ ಬೋರ್ಡು’ ಎಂದು ಕರೆಯುವ ಭಾಗವು, ಹಿಂಬದಿಯ ತಾಮ್ರದ ಗೆರೆಗಳಿಗೆ ಕಿಲುಬು ಹತ್ತಿ ಕೆಟ್ಟಿತು. ವೇಗದ ಮುಳ್ಳು ನಿಂತೇಹೋಯಿತು. ಗುಜರಿಯಲ್ಲಿ ದೊರೆತ, ನೋಟಕ್ಕೆ ತದ್ವತ್ತಾಗಿದ್ದ ಇನ್ನೊಂದು ಫಲಕವನ್ನು ತಂದು ಕೂಡಿಸಿದ್ದಾಯಿತು. ವೇಗದ ಮುಳ್ಳು ಸರಿಯಾಯಿತು. ಆದರೆ ಪೆಟ್ರೋಲಿನ ಮುಳ್ಳು ತೊಟ್ಟಿ ತುಂಬಿದಾಗ ಪೂರ್ಣದ ಗೆರೆಯನ್ನೂ ದಾಟಿ ಗೋಡೆಗೆ ತಾಗಿ ನಿಲ್ಲತೊಡಗಿತು. ಕೆಲಸಗಾರನು ಚಿಕ್ಕದೊಂದು ರೋಧಕವನ್ನು ತಂತಿಗೆ ಸೇರಿಸಿ, “ಭಟ್ಟರೇ, ತುಂಬಿದಾಗ ಫುಲ್ಲಿಗೆ ಸರಿಯಾಗಿ ನಿಂತಿತಲ್ಲ, ಇನ್ನು ಯೋಚನೆಯಿಲ್ಲ” ಎಂದನು. ಕಣ್ಣಾರೆ ಕಂಡುದರಿಂದ ನಾನೂ ಒಪ್ಪಿದೆನು.

ಕೆಲವು ದಿನಗಳ ಮೇಲೆ ಆಷಾಢದ ಒಂದು ರಾತ್ರಿ, ಸಾಗರದ ಬಳಿಯಿರುವ ನಮ್ಮ ಸೋದರಮಾವಂದಿರಿಗೆ ಉಸಿರಿನ ಬಾಧೆ ಹೆಚ್ಚಿತು. ಅವರನ್ನು ಬಹುಕಾಲದಿಂದ ನೋಡುತ್ತಿದ್ದ ವೈದ್ಯರು ತೀರ್ಥಹಳ್ಳಿಯಲ್ಲಿದ್ದರು. ಹೊರಡುವಾಗ ಮುಳ್ಳು ಕಾಲುಭಾಗದ ಗೆರೆಯ ಮೇಲಿತ್ತು. ನಮ್ಮ ತೊಟ್ಟಿ ೪೦ ಲೀಟರಿನದು; ಕಾಲುಭಾಗವೆಂದರೆ ೧೦ ಲೀಟರು; ಹೊಸನಗರದ ಮೇಲಾಗಿ ತೀರ್ಥಹಳ್ಳಿಗೆ ಹೋಗಲು ಅದು ಧಾರಾಳವಾಗಿ ಸಾಕು ಎಂಬುದು ನನ್ನ ಲೆಕ್ಕ. ಹೊಸನಗರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ನಿಂತಿತು. ಮುಳ್ಳು ಇನ್ನೂ ಖಾಲಿಯ ಗೆರೆಯಿಂದ ಮೇಲೆಯೇ ಇತ್ತು! ಅಡಿಕೆ ಹೇರಿಕೊಂಡು ಬರುತ್ತಿದ್ದ ವಾಹನದವರೊಬ್ಬರು ಮಾವನವರನ್ನು ಹತ್ತಿಸಿಕೊಂಡು ಹೋದ ಕಾರಣ ಅನಾಹುತವಾಗಲಿಲ್ಲ. ಅವರು ಈಗ ಕ್ಷೇಮವಾಗಿದ್ದಾರೆ. ಆದರೆ ಆ ಕತ್ತಲಲ್ಲಿ ಗಾಡಿಯೊಡನೆ ಒಬ್ಬನೇ ಕುಳಿತ ನನಗೆ, ನಾನು ಕಂಡುದು ಪ್ರತ್ಯಕ್ಷವೋ ಅನುಮಾನವೋ ಎಂಬ ಪ್ರಶ್ನೆಯು ಬಿಡದೆ ಕಾಡಿತು.

೨. ಮುಳ್ಳು ಹೇಳುವುದೇನು?

ಇಂಧನವೆಂಬ ಶಬ್ದವು ಉರಿಯುವಿಕೆಯನ್ನು ಹೇಳುವ ‘ಇಂಧ್’ ಧಾತುವಿನಿಂದ ಬಂದುದು. ಪೂರ್ವದಲ್ಲಿ ಸೌದೆಗೆ ಸಲ್ಲುತ್ತಿದ್ದ ಈ ಮಾತು ಈಗ ಪೆಟ್ರೋಲು ಡೀಸೆಲುಗಳಿಗೂ ರೂಢವಾಗಿದೆ. ಸೌದೆಯ ರಾಶಿ ಕಣ್ಣಿಗೆ ಕಾಣುವಂತಹದು. ಪೆಟ್ರೋಲಾದರೋ ಮುಚ್ಚಿದ ತೊಟ್ಟಿಯಲ್ಲಿ ಅಡಗಿರುವುದು. ಆದುದರಿಂದ ಚಾಲಕನು ಅದನ್ನು ಕಾಣುವುದಿಲ್ಲ, ಅನುಮಾನಿಸುತ್ತಾನೆ. ಮುಳ್ಳು ಅವನಿಗೆ ಲಿಂಗ, ಪೆಟ್ರೋಲು ಸಾಧ್ಯ.

ಇವೆರಡರ ನಡುವೆ ಇರುವ ಸರಪಣಿ ಹೀಗಿದೆ. ತೊಟ್ಟಿಯೊಳಗೆ ಒಂದು ತೋಳಿನ ತುದಿಯಲ್ಲಿ ‘ಫ್ಲೋಟು’ ಎಂಬ ತೇಲುವ ಗುಂಡು ಇರುತ್ತದೆ. ಪೆಟ್ರೋಲಿನ ಮಟ್ಟವು ಏರಿಳಿದಂತೆ ಅದೂ ಏರಿಳಿಯುತ್ತದೆ. ತೋಳಿನ ಇನ್ನೊಂದು ತುದಿಯು ವಿದ್ಯುತ್ತಿನ ಪ್ರವಾಹಕ್ಕೆ ತಡೆಯೊಡ್ಡುವ ಒಂದು ಪಟ್ಟಿಯ ಮೇಲೆ ಉಜ್ಜಿಕೊಂಡು ಸರಿಯುವುದರಿಂದ ಆ ತಡೆ, ಎಂದರೆ ರೋಧವು, ಹೆಚ್ಚು ಕಡಮೆಯಾಗುತ್ತದೆ. ರೋಧವನ್ನು ಅಳೆಯುವ ಮಾನಕ್ಕೆ ಓಮ್ ಎಂದು ಹೆಸರು. ಪ್ರವಾಹಕ್ಕೂ ರೋಧಕ್ಕೂ ಇರುವ ಸಂಬಂಧವನ್ನು ೧೮೨೭ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಜರ್ಮನ್ ವಿದ್ವಾಂಸನ ನೆನಪಿಗಾಗಿ ಇಟ್ಟ ಹೆಸರದು. ಫಲಕದಲ್ಲಿರುವ ಮುಳ್ಳು ಈ ರೋಧಕ್ಕನುಸಾರವಾಗಿ ತಿರುಗುತ್ತದೆ. ಹೀಗೆ ಮುಳ್ಳು ಪೆಟ್ರೋಲನ್ನು ನೋಡುವುದಿಲ್ಲ, ಗುಂಡನ್ನೂ ನೋಡುವುದಿಲ್ಲ. ತಂತಿಯ ಮೂಲಕ ಬಂದ ರೋಧವೊಂದನ್ನೇ ಅರಿಯುತ್ತದೆ.

ಇಷ್ಟು ಓಮಿಗೆ ‘ಖಾಲಿ’ ಎಂದೂ ಇಷ್ಟು ಓಮಿಗೆ ‘ಪೂರ್ಣ’ ಎಂದೂ ನಿಶ್ಚಯಿಸುವವರು ಯಾರು? ಗಾಡಿಯನ್ನು ನಿರ್ಮಿಸಿದವರು. ಇದರಲ್ಲಿ ಜಗತ್ತಿಗೆಲ್ಲ ಒಂದೇ ಕಟ್ಟಳೆಯಿಲ್ಲ. ಐರೋಪ್ಯ ಪದ್ಧತಿಯೊಂದರಲ್ಲಿ ಖಾಲಿಗೆ ೧೦ ಓಮ್, ಪೂರ್ಣಕ್ಕೆ ೧೮೦ ಓಮ್. ಅಮೆರಿಕದ ಒಂದು ಪದ್ಧತಿಯಲ್ಲಿ ಖಾಲಿಗೆ ಸೊನ್ನೆ, ಪೂರ್ಣಕ್ಕೆ ೯೦. ಆ ದೇಶದ್ದೇ ಇನ್ನೊಂದರಲ್ಲಿ ಖಾಲಿಗೆ ೨೪೦, ಪೂರ್ಣಕ್ಕೆ ೩೩. ಎಂದರೆ ಪೆಟ್ರೋಲು ಹೆಚ್ಚಿದಂತೆ ರೋಧವು ಇಳಿಯುತ್ತದೆ. ಶಬ್ದಾರ್ಥಗಳ ಸಂಬಂಧವು ಸಂಕೇತದಿಂದ ಆದುದೆಂದು ನೈಯಾಯಿಕರು ಹೇಳುವರಷ್ಟೆ. ಇಲ್ಲಿಯೂ ತೊಟ್ಟಿಯು ನುಡಿಯುವ ಶಬ್ದಕ್ಕೂ ಫಲಕವು ಗ್ರಹಿಸುವ ಅರ್ಥಕ್ಕೂ ಇರುವುದು ಸಂಕೇತಮಾತ್ರ. ತೊಟ್ಟಿಯನ್ನು ಹಾಗೆಯೇ ಇಟ್ಟು ಫಲಕವನ್ನು ಬದಲಿಸಿದರೆ, ಒಬ್ಬನ ಮಾತಿಗೆ ಇನ್ನೊಬ್ಬನ ನಿಘಂಟನ್ನು ಹಿಡಿದು ಅರ್ಥ ಹೇಳಿದಂತಾಗುತ್ತದೆ. ಹಿಂದೆ ಒಂದೂರಿನ ಕೊಳಗವು ಇನ್ನೊಂದೂರಿನ ಕೊಳಗಕ್ಕೆ ಸಮವಾಗಿರದಿದ್ದ ಕಾಲದಲ್ಲಿ, ಭತ್ತ ಅಳೆದ ಊರು ಯಾವುದೆಂದು ಕೇಳದೆ ಲೆಕ್ಕ ಬರೆದವನ ಸ್ಥಿತಿಯೂ ಇದೇ ಆಗಿತ್ತು.

೩. ವ್ಯಾಪ್ತಿಯೂ ಉಪಾಧಿಯೂ

ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳಲಾಗದೆಂಬುದು ತರ್ಕಶಾಸ್ತ್ರವನ್ನು ಆರಂಭಿಸಿದವರಿಗೆಲ್ಲ ತಿಳಿದ ವಿಷಯ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವಿದ್ದರೆ ಮಾತ್ರ ಹೊಗೆ. ಈ ಆರ್ದ್ರೇಂಧನಸಂಯೋಗವೇ ಅಲ್ಲಿ ಉಪಾಧಿ. ನಮ್ಮ ಗಾಡಿಯ ಅನುಮಾನದಲ್ಲಿಯೂ, ಮುಳ್ಳು ಕಾಲುಭಾಗದಲ್ಲಿದ್ದರೆ ಪೆಟ್ರೋಲು ಕಾಲುಭಾಗವಿದೆಯೆಂಬ ವ್ಯಾಪ್ತಿಗೆ ಅಂತಹದೇ ಉಪಾಧಿಯೊಂದುಂಟು: ತೊಟ್ಟಿಗೂ ಫಲಕಕ್ಕೂ ಏಕಸಂಕೇತವಿರಬೇಕು. ಹತ್ತು ವರ್ಷ ಗಾಡಿ ನಡೆಸಿದವನಿಗೆ ಈ ಉಪಾಧಿಯು ಕಣ್ಣಿಗೆ ಬೀಳುವುದೇ ಇಲ್ಲ. ಏಕೆಂದರೆ ಅದು ಎಂದೂ ತಪ್ಪಿರುವುದಿಲ್ಲ. ಫಲಕ ಬದಲಾದ ದಿನ ಅದು ತಪ್ಪುತ್ತದೆ, ಆದರೆ ಅಭ್ಯಾಸವು ಉಳಿಯುತ್ತದೆ. ನಾನು ಕೆಟ್ಟುದು ಇಲ್ಲಿ.

ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೆಂದು ಮೀಮಾಂಸಕರೂ, ಪರತಃ, ಎಂದರೆ ಸಫಲವಾದ ಪ್ರವೃತ್ತಿಯೇ ಮೊದಲಾದವುಗಳಿಂದ ತಿಳಿಯತಕ್ಕದ್ದೆಂದು ನೈಯಾಯಿಕರೂ ವಾದಿಸಿರುವರು. ಆದರೆ ಬಾಧಕಜ್ಞಾನವಾಗಲಿ ಕಾರಣದೋಷಜ್ಞಾನವಾಗಲಿ ಬಂದಾಗ ಮೀಮಾಂಸಕನೂ ಮೊದಲಿನ ಜ್ಞಾನವನ್ನು ಬಿಡುತ್ತಾನೆ. ಫಲಕವನ್ನು ಬದಲಿಸಿದ್ದೇವೆಂಬ ಅರಿವು ಕಾರಣದಲ್ಲಿ ದೋಷಶಂಕೆಯನ್ನು ಹುಟ್ಟಿಸಲು ಸಾಕಾದುದು. ಆದಕಾರಣ ಇಲ್ಲಿ ಎರಡು ಪಕ್ಷದವರಿಗೂ ಪರೀಕ್ಷೆಯು ಅವಶ್ಯವೇ.

೪. ದೋಷಗಳ ವಿಭಾಗ

ಫಲಕವನ್ನು ಬದಲಿಸಿದ ಮೇಲೆ ಕಾಣುವ ತಪ್ಪುಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಸ್ಥಾನದೋಷ. ಮುಳ್ಳನ್ನು ಕಿತ್ತು ಮರಳಿ ಕೂಡಿಸುವಾಗ ಅದು ಸ್ವಲ್ಪ ತಿರುಗಿ ಕುಳಿತಿರುತ್ತದೆ. ಇದರ ಲಕ್ಷಣವೆಂದರೆ, ಖಾಲಿಯಿಂದ ಪೂರ್ಣದವರೆಗೆ ಎಲ್ಲೆಡೆಯೂ ಒಂದೇ ಪ್ರಮಾಣದ ವ್ಯತ್ಯಾಸ ಕಾಣುವುದು. ಮುಳ್ಳನ್ನು ಸರಿಯಾಗಿ ಕೂಡಿಸುವುದೇ ಪರಿಹಾರ.

ಎರಡನೆಯದು ಸಂಕೇತದೋಷ, ಮೇಲೆ ಹೇಳಿದಂತೆ ಫಲಕದ ಜಾತಿಯೇ ಬೇರೆಯಾಗಿರುವುದು. ಮುಳ್ಳು ಗೆರೆಗಳನ್ನು ದಾಟಿ ಹೋಗುವುದು, ಅರ್ಧಕ್ಕಿಂತ ಮೇಲೇರದಿರುವುದು, ತುಂಬಿದಾಗ ಖಾಲಿಯೆಂದೂ ಖಾಲಿಯಾದಾಗ ಪೂರ್ಣವೆಂದೂ ವಿಪರೀತವಾಗಿ ತೋರುವುದು ಇದರ ಲಕ್ಷಣಗಳು.

ಮೂರನೆಯದು ಆಧಾರದೋಷ. ಫಲಕಕ್ಕೆ ಬರುವ ವಿದ್ಯುತ್ತೂ, ಅದು ಗಾಡಿಯ ಒಡಲಿಗೆ ಮರಳುವ ‘ಅರ್ಥ್’ ಎಂಬ ದಾರಿಯೂ ಸರಿಯಿಲ್ಲದಿರುವುದು. ಹಳೆಯ ಕೆಲವು ಗಾಡಿಗಳಲ್ಲಿ ಮುಳ್ಳು ತಿರುಗುವುದು ಎರಡು ಲೋಹಗಳ ಬೆಸುಗೆಯ ಪಟ್ಟಿಯೊಂದು ಕಾದು ಬಾಗುವುದರಿಂದ. ಬ್ಯಾಟರಿಯ ಬಲ ಏರಿಳಿದರೆ ಅಲ್ಲಿ ಕಾವೂ ಏರಿಳಿಯುವುದಾದ್ದರಿಂದ, ವಿದ್ಯುತ್ತನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಚಿಕ್ಕ ಉಪಕರಣವೊಂದನ್ನು ಇಟ್ಟಿರುತ್ತಾರೆ. ಅದನ್ನು ಹಳೆಯ ಫಲಕದಲ್ಲಿಯೇ ಮರೆತರೆ ಪೆಟ್ರೋಲಿನ ಮುಳ್ಳೂ ಎಂಜಿನ್ ಕಾವಿನ ಮುಳ್ಳೂ ಕೂಡಿಯೇ ಹೆಚ್ಚು ತೋರಿಸುವುವು. ದೊಡ್ಡ ದೀಪ ಹಚ್ಚಿದೊಡನೆ ಮುಳ್ಳು ಅಲುಗಿದರೆ ಅರ್ಥಿನ ತಂತಿಯನ್ನು ಸಂಶಯಿಸತಕ್ಕದ್ದು. ಎರಡು ಮುಳ್ಳುಗಳಿಗೆ ಒಂದೇ ರೋಗ ಬಂದರೆ ಕಾರಣವೂ ಅವೆರಡಕ್ಕೆ ಸಮಾನವಾದ ಕಡೆ ಇರುವುದೆಂದು ತಿಳಿಯಬೇಕು.

ನಾಲ್ಕನೆಯದು ಸ್ಮೃತಿದೋಷ. ಈಚಿನ ಗಾಡಿಗಳಲ್ಲಿ ಮುಳ್ಳು ರೋಧದಿಂದ ನೇರವಾಗಿ ತಿರುಗುವುದಿಲ್ಲ. ಗಣಕಯಂತ್ರವೊಂದು ರೋಧವನ್ನು ಓದಿ, ತನ್ನ ಸ್ಮೃತಿಯಲ್ಲಿರುವ ಕೋಷ್ಟಕವನ್ನು ನೋಡಿ, ಮುಳ್ಳನ್ನು ನಡೆಸುತ್ತದೆ. ಬೇರೆ ಅಳತೆಯ ತೊಟ್ಟಿಗೆ ಬರೆದ ಕೋಷ್ಟಕವುಳ್ಳ ಫಲಕವನ್ನು ತಂದರೆ ತಂತಿ ಮುಳ್ಳುಗಳೆಲ್ಲ ನಿರ್ದುಷ್ಟವಾಗಿದ್ದರೂ ಅರ್ಥವು ತಪ್ಪುತ್ತದೆ. ಅಲ್ಲಿ ರೋಧಕ ಸೇರಿಸುವುದು ವ್ಯರ್ಥ. ಗಾಡಿಯ ಜಾತಿಗೆ ತಕ್ಕ ಕೋಷ್ಟಕವನ್ನು ಪರೀಕ್ಷಾಯಂತ್ರದ ಮೂಲಕ ಬರೆಯಿಸುವುದೇ ದಾರಿ.

೫. ತೋರಿಕೆಯ ಪರಿಹಾರ

ನನ್ನ ಗಾಡಿಯಲ್ಲಿದ್ದುದು ಎರಡನೆಯ ದೋಷ. ತೊಟ್ಟಿಯದು ೧೦ರಿಂದ ೧೮೦ ಓಮಿನ ಪದ್ಧತಿ. ಗುಜರಿಯ ಫಲಕದ್ದು ಸೊನ್ನೆಯಿಂದ ೯೦ ಓಮಿನ ಪದ್ಧತಿ. ಕೆಲಸಗಾರನು ೧೮೦ ಓಮಿನ ರೋಧಕವನ್ನು ತೊಟ್ಟಿಯ ರೋಧಕ್ಕೆ ಸಮಾಂತರವಾಗಿ ಜೋಡಿಸಿದ್ದನು. ಹೀಗೆ ಜೋಡಿಸಿದಾಗ ಎರಡರ ಗುಣಲಬ್ಧವನ್ನು ಎರಡರ ಮೊತ್ತದಿಂದ ಭಾಗಿಸಿದಷ್ಟು ರೋಧವು ಫಲಕಕ್ಕೆ ಕಾಣುತ್ತದೆ. ತುಂಬಿದಾಗ ೧೮೦ಕ್ಕೆ ೧೮೦ ಸೇರಿ ೯೦. ಮುಳ್ಳು ಪೂರ್ಣದ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ ನಿಲ್ಲುವುದು. ಕೆಲಸಗಾರನು ಹೇಳಿದುದು ಸುಳ್ಳಲ್ಲ.

ಇನ್ನುಳಿದ ಸ್ಥಾನಗಳನ್ನು ನೋಡೋಣ. ತೊಟ್ಟಿಯ ರೋಧವು ಸಮವಾಗಿ ಏರುವುದೆಂದೂ ಫಲಕದ ಗೆರೆಗಳು ಸಮಾಂತರದಲ್ಲಿರುವುವೆಂದೂ ಇಟ್ಟುಕೊಂಡರೆ, ತೊಟ್ಟಿ ಅರ್ಧವಿದ್ದಾಗ ಅದರ ರೋಧ ೯೫. ಫಲಕಕ್ಕೆ ಕಾಣುವುದು ಸುಮಾರು ೬೨. ಮುಳ್ಳು ತೋರುವುದು ನೂರಕ್ಕೆ ೬೯. ತೊಟ್ಟಿ ಕಾಲುಭಾಗವಿದ್ದಾಗ ಫಲಕಕ್ಕೆ ಕಾಣುವುದು ಸುಮಾರು ೪೧. ಮುಳ್ಳು ತೋರುವುದು ನೂರಕ್ಕೆ ೪೫. ತೊಟ್ಟಿ ಬರಿದಾದಾಗಲೂ ಫಲಕಕ್ಕೆ ೯.೫ ಓಮ್ ಕಾಣುವುದರಿಂದ ಮುಳ್ಳು ಹತ್ತನೆಯ ಒಂದು ಭಾಗದಲ್ಲಿ ನಿಂತೇ ಇರುವುದು. ಇದನ್ನೇ ತಿರುಗಿಸಿ ನೋಡಿದರೆ, ಮುಳ್ಳು ಕಾಲುಭಾಗದಲ್ಲಿದ್ದಾಗ ತೊಟ್ಟಿಯಲ್ಲಿ ನಿಜವಾಗಿ ಇರುವುದು ನೂರಕ್ಕೆ ಸುಮಾರು ೯ ಮಾತ್ರ. ಆ ರಾತ್ರಿ ೧೦ ಲೀಟರಿದೆಯೆಂದು ನಂಬಿ ಹೊರಟವನ ಬಳಿ ೪ ಲೀಟರೂ ಇರಲಿಲ್ಲ!

ಒಂದು ಸ್ಥಾನದಲ್ಲಿ ಸಂವಾದ ಕಂಡಮಾತ್ರಕ್ಕೆ ಎಲ್ಲ ಸ್ಥಾನಗಳಲ್ಲಿಯೂ ಸಂವಾದವಿದೆಯೆಂದು ಬಗೆಯುವುದು ಇಲ್ಲಿಯ ಪ್ರಮಾದ. ಅದರಲ್ಲಿಯೂ ಈ ತಪ್ಪು ಇದ್ದುದಕ್ಕಿಂತ ಹೆಚ್ಚು ತೋರಿಸುವ ಜಾತಿಯದಾದುದರಿಂದ ಅಪಾಯಕರವಾದುದು. ಕಡಮೆ ತೋರಿಸುವ ಮುಳ್ಳು ಬೇಗ ಬಂಕಿಗೆ ಕಳುಹಿಸುತ್ತದೆ. ಹೆಚ್ಚು ತೋರಿಸುವ ಮುಳ್ಳು ಕಾಡಿನ ನಡುವೆ ನಿಲ್ಲಿಸುತ್ತದೆ.

ಇನ್ನೊಂದು ರೋಧಕವನ್ನು ಸೇರಿಸಿ ಇದನ್ನೂ ತಿದ್ದಬಾರದೇ ಎಂದರೆ, ಆಗದು. ಸಾಲಾಗಿ ಸೇರಿಸಿದ ರೋಧವು ಕೂಡುವುದೇ ಹೊರತು ಕಳೆಯುವುದಿಲ್ಲ; ಸಮಾಂತರವಾದುದನ್ನು ಇನ್ನೂ ಚಿಕ್ಕದಾಗಿಸಿದರೆ ಪೂರ್ಣದ ಗೆರೆಯು ತಪ್ಪುತ್ತದೆ. ರೋಧವು ಇಳಿಯುವ ಪದ್ಧತಿಯ ಫಲಕಕ್ಕೆ ಏರುವ ಪದ್ಧತಿಯ ತೊಟ್ಟಿ ಸೇರಿದ್ದರಂತೂ ಬರಿಯ ರೋಧಕಗಳಿಂದ ದಿಕ್ಕನ್ನು ತಿರುಗಿಸುವುದು ಅಶಕ್ಯ.

೬. ಮಟ್ಟವೂ ಮೊತ್ತವೂ

ಸಂಕೇತವು ಕೂಡಿಬಂದರೂ ಇನ್ನೊಂದು ಸೂಕ್ಷ್ಮವುಂಟು. ಗುಂಡು ತಿಳಿಸುವುದು ಮಟ್ಟವನ್ನು. ನಮಗೆ ಬೇಕಾದುದು ಮೊತ್ತ. ಸಾಗರ ತಾಲ್ಲೂಕಿನಲ್ಲಿ ಶರಾವತಿಗೆ ೧೯೬೪ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣಮಟ್ಟವು ಸಮುದ್ರಮಟ್ಟದಿಂದ ೧೮೧೯ ಅಡಿ. ಮಳೆಗಾಲದಲ್ಲಿ ಅದರ ಅಡಿಗಳ ಲೆಕ್ಕವನ್ನು ವರ್ತಮಾನಪತ್ರಿಕೆಗಳಲ್ಲಿ ಓದದವರು ನಮ್ಮಲ್ಲಿ ಇಲ್ಲ. ಆದರೆ ತಳದ ಒಂದಡಿಯ ನೀರೂ ಮೇಲಿನ ಒಂದಡಿಯ ನೀರೂ ಸಮವಲ್ಲ. ಕೆಳಗೆ ಕಣಿವೆ ಇಕ್ಕಟ್ಟು, ಮೇಲೆ ನೀರು ಬಯಲುಗಳ ಮೇಲೆ ಹರಡುತ್ತದೆ. ಆದುದರಿಂದ ಎಂಜಿನಿಯರರು ಮಟ್ಟದ ಅಡಿಗೆ ನೀರಿನ ಮೊತ್ತವೆಷ್ಟೆಂಬ ಕೋಷ್ಟಕವನ್ನು ಇಟ್ಟುಕೊಂಡು ಲೆಕ್ಕಮಾಡುತ್ತಾರೆ. ಗಾಡಿಯ ತೊಟ್ಟಿಯೂ ಅಚ್ಚು ಮೊದಲಾದವುಗಳಿಗೆ ಎಡೆಬಿಟ್ಟು ಮಾಡಿದುದರಿಂದ ವಕ್ರಾಕೃತಿಯದು. ಅರ್ಧ ಎತ್ತರವೆಂದರೆ ಅರ್ಧ ಮೊತ್ತವಲ್ಲ. ನಿರ್ಮಾತೃಗಳು ತಡೆಯ ಪಟ್ಟಿಯ ಆಕಾರದಿಂದಲೋ ಗೆರೆಗಳ ಅಂತರದಿಂದಲೋ ಈ ವಕ್ರತೆಯನ್ನು ಸರಿದೂಗಿಸಿರುತ್ತಾರೆ. ಪರಕೀಯವಾದ ಫಲಕದಲ್ಲಿ ಆ ಹೊಂದಿಕೆಯೂ ಹೋಗುತ್ತದೆ.

ಹಾಗಾದರೆ ನಡುವಣ ಗೆರೆಗಳನ್ನು ಶೋಧಿಸುವ ಬಗೆ ಯಾವುದು? ಅಳೆದು ಸುರಿದು ನೋಡುವುದೊಂದೇ. ಇದಕ್ಕೆ ನಮ್ಮ ಸೀಮೆಯಲ್ಲಿಯೇ ಶ್ಲಾಘ್ಯವಾದ ಪೂರ್ವನಿದರ್ಶನವುಂಟು. ಸಾಗರದ ಕೆಳದಿ ಇಕ್ಕೇರಿಗಳು, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ ಇವನ್ನೆಲ್ಲ ಒಳಗೊಂಡ ರಾಜ್ಯವನ್ನು ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನು ಭೂಮಿಗೆ ಕಂದಾಯ ಕಟ್ಟಿದ ಕ್ರಮವು ‘ಶಿಸ್ತು’ ಎಂದು ಪ್ರಸಿದ್ಧವಾಗಿದೆ. ಆತನು ಗ್ರಾಮಗ್ರಾಮದಲ್ಲಿಯೂ ಪ್ರತಿಯೊಂದು ತರದ ಭೂಮಿಯಲ್ಲಿ ಒಂದೊಂದು ಗದ್ದೆಯನ್ನು ಹನ್ನೆರಡು ವರ್ಷ ತನ್ನ ವೆಚ್ಚದಲ್ಲಿಯೇ ಸಾಗುವಳಿ ಮಾಡಿಸಿ, ಬೀಜ ವೆಚ್ಚ ಬೆಳೆ ಬೆಲೆಗಳ ಲೆಕ್ಕವಿಡಿಸಿ, ಸರಾಸರಿ ತೆಗೆದು, ಹುಟ್ಟುವಳಿಯ ಮೂರನೆಯ ಒಂದಂಶವನ್ನು ಕಂದಾಯವಾಗಿ ನಿಶ್ಚಯಿಸಿದನೆಂದು ಮೈಸೂರಿನ ಗೆಜೆಟಿಯರಿನಲ್ಲಿ ರೈಸರು ಬರೆದಿರುವರು. ನೋಟಕ್ಕೆ ಹೀಗಿದೆ, ಆದುದರಿಂದ ಇಷ್ಟು ಬೆಳೆದೀತು ಎಂಬ ಊಹೆಗೆ ಅಲ್ಲಿ ಎಡೆಯಿರಲಿಲ್ಲ. ಒಂದು ವರ್ಷದ ಸುಗ್ಗಿಯನ್ನು ಕಂಡು ನಿಲ್ಲಿಸಲೂ ಇಲ್ಲ. ಈಗ ಬೇರೆ ಅರ್ಥದಲ್ಲಿ ರೂಢವಾಗಿರುವ ಶಿಸ್ತೆಂಬ ಮಾತನ್ನು ಮಾಪಕಗಳ ಶೋಧನೆಗೂ ಬಳಸಬಹುದೆಂದು ನನಗೆ ತೋರುತ್ತದೆ.

೭. ಪರೀಕ್ಷಾಕ್ರಮ

ಪರೀಕ್ಷೆಯು ಅನ್ವಯವ್ಯತಿರೇಕಗಳಿಂದ ನಡೆಯತಕ್ಕದ್ದು. ಪೆಟ್ರೋಲಿನ ಆವಿಯು ಒಂದು ಕಿಡಿಗೂ ಹೊತ್ತಿಕೊಳ್ಳುವಂತಹದಾದುದರಿಂದ ತೊಟ್ಟಿಯ ಬಾಯಿ ತೆರೆದು ತಂತಿಗಳನ್ನು ತಾಗಿಸಿ ನೋಡುವ ಸಾಹಸ ಸರ್ವಥಾ ಕೂಡದು. ಬ್ಯಾಟರಿಯ ತಂತಿ ಕಳಚಿ, ತೊಟ್ಟಿಯಿಂದ ದೂರದಲ್ಲಿ, ಫಲಕದ ಕಡೆಯ ಜೋಡಣೆಯಲ್ಲಿಯೇ ಬದಲಾವಣೆಗಳನ್ನು ಮಾಡಿಕೊಳ್ಳತಕ್ಕದ್ದು.

ಮೊದಲು ತೊಟ್ಟಿಯ ತಂತಿಯನ್ನು ಬಿಡಿಸಿ, ಅದರ ಸ್ಥಾನದಲ್ಲಿ ಬೆಲೆ ಗೊತ್ತಿರುವ ರೋಧಕಗಳನ್ನು ಒಂದೊಂದಾಗಿ ಇಡಬೇಕು. ಖಾಲಿಗೆ, ಅರ್ಧಕ್ಕೆ, ಪೂರ್ಣಕ್ಕೆ ಸಲ್ಲುವ ರೋಧಗಳಿಗೆ ಮುಳ್ಳು ಸರಿಯಾಗಿ ನಿಂತರೆ ಫಲಕವು ನಿರ್ದೋಷಿ. ತಪ್ಪು ತೊಟ್ಟಿಯಲ್ಲಿಯೋ ತಂತಿಯಲ್ಲಿಯೋ ಇದೆ. ನಿಲ್ಲದಿದ್ದರೆ ಫಲಕದ ದೋಷ ಸಿದ್ಧವಾಯಿತು. ಎರಡನೆಯದಾಗಿ ತೊಟ್ಟಿಯ ರೋಧವನ್ನು ಮಲ್ಟಿಮೀಟರಿನಿಂದ ಅಳೆದು ಅದರ ಪದ್ಧತಿ ಯಾವುದೆಂದು ತಿಳಿಯಬೇಕು. ಮೂರನೆಯದಾಗಿ ಎರಡಕ್ಕೂ ಏಕಸಂಕೇತವಾಗುವಂತೆ ಮಾಡಬೇಕು: ತಕ್ಕ ಫಲಕವನ್ನು ತರುವುದು, ಇಲ್ಲವೆ ಹಳೆಯ ಫಲಕದ ಇಂಧನಮಾಪಕವು ಚೆನ್ನಾಗಿದ್ದರೆ ಅದೊಂದನ್ನೇ ಹೊಸ ಫಲಕಕ್ಕೆ ವರ್ಗಾಯಿಸುವುದು. ನಾನು ಮಾಡಿಸಿದುದು ಈ ಎರಡನೆಯದನ್ನು.

ಕಡೆಯದಾಗಿ ಶಿಸ್ತು. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ತಿಳಿದವರಿಂದ ತೊಟ್ಟಿಯನ್ನು ಬರಿದುಮಾಡಿಸಿ, ಐದೈದು ಲೀಟರಿನಂತೆ ಅಳೆದು ಹಾಕಿಸುತ್ತ, ಮುಳ್ಳು ನೆಲೆಗೊಳ್ಳುವಷ್ಟು ಹೊತ್ತು ಕಾದು, ಪ್ರತಿಯೊಂದು ಸ್ಥಾನವನ್ನೂ ಬರೆದುಕೊಳ್ಳಬೇಕು. ಗಾಡಿ ಅಲುಗಿದಾಗ ಮುಳ್ಳು ಕುಣಿಯದಿರಲೆಂದು ಕೆಲವು ಮಾಪಕಗಳನ್ನು ಮಂದಗತಿಯವಾಗಿ ಮಾಡಿರುವುದರಿಂದ ಅವಸರ ಸಲ್ಲದು. ನನ್ನ ಗಾಡಿಯಲ್ಲಿ ಹೀಗೆ ಸಿದ್ಧವಾದ ಕಾಗದವನ್ನು ಚಾಲಕನ ಬದಿಯಲ್ಲಿ ಅಂಟಿಸಿದ್ದೇನೆ. ಅದನ್ನು ನೋಡಿದ ಆ ಕೆಲಸಗಾರನು ತಾನೂ ಒಂದು ಪ್ರತಿಯನ್ನು ಬರೆದುಕೊಂಡು, ಈಗ ಫಲಕ ಬದಲಿಸಿದ ಪ್ರತಿಯೊಂದು ಗಾಡಿಗೂ ಖಾಲಿ, ಕಾಲು, ಅರ್ಧಗಳಲ್ಲಿ ಪರೀಕ್ಷೆ ಮಾಡಿಯೇ ಕೊಡುತ್ತಾನೆ. ಅವನಿಗೆ ಕೌಶಲದ ಕೊರತೆಯಿರಲಿಲ್ಲ. ಎಲ್ಲಿಯವರೆಗೆ ಪರೀಕ್ಷಿಸಬೇಕೆಂಬ ನಿಯಮದ ಕೊರತೆಯಿತ್ತು. ಆ ಕೊರತೆ ಶಾಸ್ತ್ರವನ್ನೋದಿದ ನನಗೂ ಇದ್ದಿತೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಒಟ್ಟಿನಲ್ಲಿ ಹೇಳತಕ್ಕದ್ದಿಷ್ಟು: ಮಾಪಕದ ಸತ್ಯವು ಮುಳ್ಳಿನಲ್ಲಿಯೂ ಇಲ್ಲ, ಗುಂಡಿನಲ್ಲಿಯೂ ಇಲ್ಲ, ಎರಡರ ಒಡಂಬಡಿಕೆಯಲ್ಲಿದೆ. ಎರಡರಲ್ಲಿ ಒಂದನ್ನು ಬದಲಿಸಿದವನು ಒಡಂಬಡಿಕೆಯನ್ನು ಹೊಸದಾಗಿ ಮಾಡಿಸಬೇಕು. ಅದನ್ನು ಒಂದು ಗೆರೆಯಲ್ಲಿ ಕಂಡು ತೃಪ್ತನಾಗದೆ, ಮುಖ್ಯವಾಗಿ ಖಾಲಿಯ ಕಡೆಯ ಗೆರೆಗಳಲ್ಲಿ ಕಂಡು ನಿಶ್ಚಯಿಸಬೇಕು. ತೊಟ್ಟಿ ತುಂಬಿದ್ದಾಗ ಯಾರೂ ಮುಳ್ಳನ್ನು ನೆಚ್ಚಿ ನಡೆಯುವುದಿಲ್ಲ.